ಬಯಲು ವ್ಯಾಯಾಮಶಾಲೆಯ ನೆಲ

ವ್ಯಾಯಾಮವೆಂದೊಡನೆ ನಮ್ಮ ಮನಸ್ಸು ಉಪಕರಣಗಳ ಕಡೆಗೆ ಓಡುತ್ತದೆ. ಕಂಬವೆಷ್ಟು ಎತ್ತರ, ಸರಳೆಷ್ಟು ದಪ್ಪ, ಯಂತ್ರವೆಷ್ಟು ಹೊಸತು ಎಂದು ನೋಡುತ್ತೇವೆ. ಅದರ ಕೆಳಗೆ ಏನಿದೆ ಎಂದು ನೋಡುವವರು ವಿರಳ. ಆದರೆ ಕೈ ಜಾರಿದವನನ್ನು ಬರಮಾಡಿಕೊಳ್ಳುವುದು ಉಪಕರಣವಲ್ಲ, ನೆಲ. ಮುಂಬಯಿಯ ಉದ್ಯಾನಗಳಲ್ಲಿಯೂ ವಸತಿ ಸಂಕೀರ್ಣಗಳ ಅಂಗಳಗಳಲ್ಲಿಯೂ ಈಗ ಬಯಲು ವ್ಯಾಯಾಮಶಾಲೆಗಳು, ಜನರ ಮಾತಿನಲ್ಲಿ ‘ಓಪನ್ ಜಿಮ್’ಗಳು, ಅನೇಕವಾಗಿವೆ. ಒಂದೇ ಕೋಣೆಯ ಮನೆಯಲ್ಲಿ ಕೈಕಾಲು ಚಾಚಲು ಎಡೆಯಿಲ್ಲದ ನಮ್ಮ ಮಕ್ಕಳಿಗೆ ಇವು ದೊಡ್ಡ ಅನುಕೂಲವೇ ಸರಿ. ಆದುದರಿಂದ ಅವುಗಳ ನೆಲವನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಸ್ವಲ್ಪ ಗಣಿತ. 2 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು 0.64 ಸೆಕೆಂಡು ಸಾಕು. ಮುಟ್ಟುವ ಹೊತ್ತಿಗೆ ಅದರ ವೇಗವು ಸೆಕೆಂಡಿಗೆ ಸುಮಾರು 6.3 ಮೀಟರ್, ಎಂದರೆ ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು. ಈ ವೇಗವೆಲ್ಲವೂ ಅಳಿದು ಸೊನ್ನೆಯಾಗಬೇಕಷ್ಟೆ? ಅದು ಎಷ್ಟು ದೂರದೊಳಗೆ ಸೊನ್ನೆಯಾಗುತ್ತದೆ ಎಂಬುದರಲ್ಲಿಯೇ ನೆಲದ ಗುಣವೆಲ್ಲ ಅಡಗಿದೆ. ಬಿದ್ದ ಎತ್ತರವನ್ನು ನಿಲ್ಲಲು ದೊರೆತ ದೂರದಿಂದ ಭಾಗಿಸಿರಿ. ಬಿದ್ದವನ ಮೇಲಾಗುವ ತಡೆಯು ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ಸಡಿಲವಾದ ಮರಳು 10 ಸೆಂಟಿಮೀಟರಿನಷ್ಟು ತಗ್ಗಿಕೊಟ್ಟರೆ, 200ನ್ನು 10ರಿಂದ ಭಾಗಿಸಿ, 20 ಪಟ್ಟು. ಕಲ್ಲುಹಾಸು ತಾನು ತಗ್ಗುವುದಿಲ್ಲ. ತಗ್ಗುವುದು ನಮ್ಮ ಚರ್ಮ, ಮಾಂಸ, ಎಲುಬು. ಅವೆಲ್ಲ ಕೂಡಿ 1 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಲೆಕ್ಕವು 200 ಪಟ್ಟಿಗೆ ಏರುತ್ತದೆ. ಇದೂ ಸರಾಸರಿಯ ಮಾತು. ಪೆಟ್ಟು ಬಿರುಸಾಗಿರುವ ಆ ಒಂದು ಗಳಿಗೆಯಲ್ಲಿ ಇದಕ್ಕಿಂತಲೂ ಹೆಚ್ಚು. ಕ್ರಿಕೆಟ್ ಆಡುವವರು ಈ ನಿಯಮವನ್ನು ಕೈಯಿಂದಲೇ ಬಲ್ಲರು: ಕ್ಯಾಚ್ ಹಿಡಿಯುವಾಗ ಅಂಗೈಯನ್ನು ಚೆಂಡಿನೊಡನೆ ಹಿಂದಕ್ಕೆ ಎಳೆದುಕೊಳ್ಳುವುದು ಏತಕ್ಕೆ? ನಿಲ್ಲುವ ದೂರವನ್ನು ಹೆಚ್ಚಿಸುವುದಕ್ಕೇ.

ಯುರೋಪಿನ ದೇಶಗಳಲ್ಲಿ ಮಕ್ಕಳ ಆಟದ ನೆಲವನ್ನು ಪರೀಕ್ಷಿಸಲು ಇ.ಎನ್. 1177 ಎಂಬ ಮಾನಕವಿದೆ. ತಲೆಯಂತಹ ಗುಂಡಾದ ಭಾರವೊಂದರೊಳಗೆ ಅಳತೆಯ ಸಾಧನವನ್ನಿಟ್ಟು, ಅದನ್ನು ಬೇರೆ ಬೇರೆ ಎತ್ತರಗಳಿಂದ ನೆಲದ ಮೇಲೆ ಬೀಳಿಸುತ್ತಾರೆ. ತಡೆಯು ಗುರುತ್ವದ 200 ಪಟ್ಟನ್ನು ಮೀರಬಾರದು. ತಲೆಪೆಟ್ಟಿನ ಸೂಚ್ಯಂಕವೆಂಬ ಇನ್ನೊಂದು ಅಳತೆಯು 1000ವನ್ನು ಮೀರಬಾರದು. ಯಾವ ಎತ್ತರದವರೆಗೆ ಎರಡೂ ಮೀರುವುದಿಲ್ಲವೋ ಅದೇ ಆ ನೆಲದ ಮಿತಿ. ಆದುದರಿಂದ ‘ಇದು ಸುರಕ್ಷಿತವಾದ ನೆಲ’ ಎಂದು ಮಾರುವವನು ಬರಿದೆ ಹೇಳಿದರೆ ಆ ಮಾತಿಗೆ ಅರ್ಥವಿಲ್ಲ. ಎಷ್ಟು ಎತ್ತರಕ್ಕೆ ಎಂದು ಕೇಳಬೇಕು.

ಇನ್ನು ಒಂದೊಂದೇ ನೆಲವನ್ನು ನೋಡೋಣ. ಕಾಂಕ್ರೀಟು, ಡಾಂಬರು, ಪೇವರ್ ಬ್ಲಾಕುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಜೋತಾಡುವ, ಏರುವ ಉಪಕರಣಗಳ ಕೆಳಗೆ ಇವು ಸಲ್ಲವು. ಕಾಂಕ್ರೀಟಿನ ಮೇಲೆಯೇ ತೆಳುವಾಗಿ ಹಾಸಿದ ಕೃತಕ ಹುಲ್ಲು ಇವುಗಳಿಗಿಂತಲೂ ಕೆಟ್ಟದ್ದೆಂದು ನಮ್ಮ ಮತ. ಬರಿಯ ಕಾಂಕ್ರೀಟನ್ನು ಕಂಡವನು ಅಂಜಿಯಾದರೂ ಅಂಜುತ್ತಾನೆ. ಹಸುರನ್ನು ಕಂಡು ಮೋಸಹೋಗುತ್ತಾನೆ. ನಿಜವಾದ ಹುಲ್ಲು ಕಡಿಮೆ ಎತ್ತರಕ್ಕೆ ಒಳ್ಳೆಯದೇ. ಆದರೆ ಸರಳಿನ ಕೆಳಗೆ ದಿನಕ್ಕೆ ನೂರು ಕಾಲುಗಳು ತುಳಿದರೆ ತಿಂಗಳೊಳಗೆ ಅಲ್ಲಿ ಉಳಿಯುವುದು ಗಟ್ಟಿ ಮಣ್ಣು ಮಾತ್ರ.

ಮರಳಿನದು ಸ್ವಾರಸ್ಯವಾದ ವಿಷಯ. ಯುರೋಪಿನ ಮಾನಕದಂತೆ ಕಣಗಳು 0.2ರಿಂದ 2 ಮಿಲಿಮೀಟರ್ ಗಾತ್ರದವಾಗಿ, ಜೇಡಿಯ ಬೆರಕೆಯಿಲ್ಲದೆ ಇರಬೇಕು. 2 ಮೀಟರ್ ಎತ್ತರಕ್ಕೆ 20 ಸೆಂಟಿಮೀಟರ್, 3 ಮೀಟರಿಗೆ 30 ಸೆಂಟಿಮೀಟರ್ ಆಳ ಬೇಕು. ಕಾಲಿನ ತುಳಿತದಿಂದ ಮರಳು ಪಕ್ಕಕ್ಕೆ ಸರಿಯುವುದರಿಂದ ಇನ್ನೂ 10 ಸೆಂಟಿಮೀಟರ್ ಹೆಚ್ಚಾಗಿಯೇ ತುಂಬಬೇಕು. ದುಂಡಗಿನ ಕಣಗಳು ಒಂದರ ಮೇಲೊಂದು ಜಾರಿ ಬಿದ್ದವನಿಗೆ ಎಡೆಗೊಡುತ್ತವೆ. ಕಲ್ಲನ್ನು ಪುಡಿಮಾಡಿ ಕಟ್ಟಡಗಳಿಗಾಗಿ ತಯಾರಿಸುವ ಎಂ-ಸ್ಯಾಂಡಿನ ಕಣಗಳಿಗಾದರೋ ಮೂಲೆಗಳುಂಟು. ಅವು ಒಂದಕ್ಕೊಂದು ಕಚ್ಚಿಕೊಂಡು ಬಿಗಿಯುತ್ತವೆ. ಜುಹೂ ಚೌಪಾಟಿಗೆ ಹೋದಾಗ ಇನ್ನೊಂದನ್ನು ಗಮನಿಸಿರಿ. ಮೇಲ್ಗಡೆಯ ಒಣ ಮರಳಿನಲ್ಲಿ ಪಾದವು ಹೂತುಹೋಗುತ್ತದೆ. ಅಲೆ ಈಗ ತಾನೇ ತೊಯ್ಸಿ ಹೋದ ಮರಳಿನ ಮೇಲೆ ಹೆಜ್ಜೆಯ ಗುರುತಷ್ಟೇ ಮೂಡುತ್ತದೆ. ಅದೇ ಮರಳು, ಆದರೆ ಅದೇ ನೆಲವಲ್ಲ! ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿಯುವ ಈ ನಗರದಲ್ಲಿ, ಮರಳುಗುಂಡಿಯ ತಳದಿಂದ ನೀರು ಹರಿದುಹೋಗುವ ದಾರಿಯಿಲ್ಲದಿದ್ದರೆ ನಾಲ್ಕು ತಿಂಗಳು ಅದನ್ನು ನಂಬುವಂತಿಲ್ಲ.

ರಬ್ಬರಿನ ಹಾಸು ನಮ್ಮ ಹವೆಗೆ ಹೊಂದುವ ವಸ್ತು; ಗುಡಿಸಲೂ ಸುಲಭ. ಆದರೆ ಅದರ ದಪ್ಪವನ್ನು ನೋಡದೆ ಬಣ್ಣವನ್ನು ನೋಡುವವರೇ ಹೆಚ್ಚು. ತೆಳುವಾದುದು ಕಾಲಿಗೆ ಮೆತ್ತಗೆನಿಸುತ್ತದೆಯೇ ಹೊರತು ತಲೆಯನ್ನು ಕಾಯುವುದಿಲ್ಲ. ವರ್ಷಗಳು ಕಳೆದಂತೆ ಬಿಸಿಲಿಗೆ ಅದು ಗಡುಸಾಗುತ್ತದೆ, ಅಂಚುಗಳು ಮೇಲೆದ್ದು ಕಾಲಿಗೆ ತೊಡರುತ್ತವೆ, ನೆರಳಿನಲ್ಲಿದ್ದರೆ ಪಾಚಿ ಕಟ್ಟುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಏಳನೆಯ ಇಯತ್ತೆಯ ಹುಡುಗನೊಬ್ಬನು ಒಂದು ಉದ್ಯಾನದಲ್ಲಿ ಒದ್ದೆ ಸರಳಿನಿಂದ ಜಾರಿ ಪೇವರ್ ಬ್ಲಾಕಿನ ಮೇಲೆ ಬಿದ್ದನು. ಕೈಯೂರಿದ್ದರಿಂದ ತಲೆ ಉಳಿಯಿತು, ಮಣಿಕಟ್ಟು ಮುರಿಯಿತು. ಆರು ವಾರ ಎಡಗೈಯಲ್ಲಿ ಅಕ್ಷರ ತಿದ್ದಿದ ಅವನನ್ನು ನೀವೆಲ್ಲರೂ ಕಂಡಿದ್ದೀರಿ. ತಲೆಪೆಟ್ಟಿನ ಅಳತೆಯು ಕೈ ಮುರಿಯುವುದಿಲ್ಲವೆಂದು ಭರವಸೆ ಕೊಡುವುದಿಲ್ಲ, ನಿಜ. ಒಳ್ಳೆಯ ನೆಲದಲ್ಲಿಯೂ ಕೈ ಮುರಿದೀತು. ಆದರೆ ಮುರಿದ ಕೈ ಕೂಡುತ್ತದೆ. ಒಡೆದ ತಲೆಯ ಮಾತೇ ಬೇರೆ. ನೆಲವನ್ನು ಆರಿಸುವವರು ಮುಖ್ಯವಾಗಿ ಆ ಎರಡನೆಯದನ್ನು ತಪ್ಪಿಸಲು ನೋಡುತ್ತಾರೆ.

ಈ ವಿಚಾರವು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಗರಡಿಮನೆಗಳಲ್ಲಾಗಲಿ ಕೊಲ್ಹಾಪುರದ ತಾಲೀಮುಗಳಲ್ಲಾಗಲಿ ಪೈಲ್ವಾನರು ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಮೊದಲಾದುವನ್ನು ಬೆರೆಸಿ ಹದಗೊಳಿಸುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ, ಗುದ್ದಲಿ ಹಿಡಿದು ಮಟ್ಟಿಯನ್ನು ಮತ್ತೆ ಮತ್ತೆ ಅಗೆದು ಸಡಿಲಗೊಳಿಸುತ್ತಾರೆ, ಏಕೆಂದರೆ ಅಗೆಯದೆ ಬಿಟ್ಟ ಮಣ್ಣು ಕಲ್ಲಿನಂತಾಗುತ್ತದೆ. ಅಗೆಯುವ ಕೆಲಸವೇ ಎಳೆಯರಿಗೆ ಮೊದಲ ವ್ಯಾಯಾಮ. ನಮ್ಮ ಉದ್ಯಾನಗಳಲ್ಲಿ ಉಪಕರಣವನ್ನು ನಿಲ್ಲಿಸಿದ ದಿನ ಹಾರ ಹಾಕುವವರುಂಟು, ಮರುದಿನ ಗುದ್ದಲಿ ಹಿಡಿಯುವವರು ಯಾರು?

ಮೆತ್ತಗಿದ್ದಷ್ಟೂ ಒಳ್ಳೆಯದೆಂದೂ ತಿಳಿಯಬಾರದು. ನೆಲದ ಹತ್ತಿರವೇ ಪಾದವಿಟ್ಟು ಸೊಂಟ ತಿರುಗಿಸುವ, ಕಾಲು ಬೀಸುವ ಯಂತ್ರಗಳ ಸುತ್ತ ಸಡಿಲ ಮರಳಿದ್ದರೆ ಹಿರಿಯರ ಪಾದ ಹೊರಳುತ್ತದೆ, ಗಾಲಿಕುರ್ಚಿ ಸಾಗುವುದಿಲ್ಲ. ಅಲ್ಲಿ ಬೇಕಾದುದು ಸಮವಾಗಿ ಜಾರದಿರುವ ಗಟ್ಟಿ ನೆಲ. ಇನ್ನೊಂದು ಮಾತನ್ನು ಚಿಕ್ಕವರು ಕೇಳಿಕೊಳ್ಳಬೇಕು: ಬಯಲು ವ್ಯಾಯಾಮದ ಉಪಕರಣಗಳಿಗಾಗಿ 2015ರಲ್ಲಿ ಹೊರಟ ಯುರೋಪಿನ ಇ.ಎನ್. 16630 ಮಾನಕವು 140 ಸೆಂಟಿಮೀಟರಿಗಿಂತ ಎತ್ತರವಿರುವವರನ್ನು ಮಾತ್ರ ಗಣನೆಗೆ ತೆಗೆದುಕೊಂಡಿದೆ. ಐದನೆಯ ಇಯತ್ತೆಯ ಬಹುಮಂದಿ ಆ ಗೆರೆಯ ಕೆಳಗಿದ್ದೀರಿ!

ನಿಮ್ಮ ಮನೆಯ ಸಮೀಪದ ಉದ್ಯಾನಕ್ಕೆ ಹೋದಾಗ ಒಂದು ಅಡಿಕೋಲನ್ನೂ ಒಂದು ದಾರದ ಉಂಡೆಯನ್ನೂ ಒಯ್ಯಿರಿ. ದಾರದಿಂದ ಸರಳಿನ ಎತ್ತರವನ್ನು ಅಳೆಯಿರಿ. ಮರಳಿದ್ದರೆ ಅಡಿಕೋಲನ್ನು ಗುಂಡಿಯ ಅಂಚಿನಲ್ಲಲ್ಲ, ಸರಳಿನ ನೇರ ಕೆಳಗೆ ಚುಚ್ಚಿ ಆಳ ನೋಡಿರಿ. ಅತಿ ಹೆಚ್ಚು ತುಳಿತವಾಗುವುದು ಅಲ್ಲಿಯೇ. ಕೈಯಿಂದ ಕೆದಕಬೇಡಿರಿ, ಗಾಜಿನ ಚೂರುಗಳಿದ್ದಾವು. ಉಪಕರಣದ ಸುತ್ತ 6 ಅಡಿಯವರೆಗೆ ಮೆತ್ತನೆಯ ನೆಲವು ಹಬ್ಬಿದೆಯೇ, ನಡುವೆ ಕಲ್ಲಿನ ಅಂಚುಕಟ್ಟೆ ಇದೆಯೇ, ಮಳೆಗೆ ಮಣ್ಣು ಕೊಚ್ಚಿಹೋಗಿ ಕಂಬದ ಬುಡದ ಕಾಂಕ್ರೀಟು ಹೊರಗೆ ಕಾಣುತ್ತಿದೆಯೇ ಎಂದು ಬರೆದುಕೊಳ್ಳಿರಿ. ನಗರಪಾಲಿಕೆಯ ಉದ್ಯಾನವಾದರೆ ವಾರ್ಡು ಕಚೇರಿಗೆ ಅರ್ಜಿ ಕೊಡಬಹುದು. ‘ನೆಲ ಚೆನ್ನಾಗಿಲ್ಲ’ ಎಂದಲ್ಲ, ‘ಸರಳಿನ ಎತ್ತರ ಇಷ್ಟು, ಅದರ ಕೆಳಗೆ ಮರಳಿನ ಆಳ ಇಷ್ಟು’ ಎಂದು ಅಂಕೆಗಳನ್ನು ಬರೆಯಿರಿ. ಅಳತೆಗಳನ್ನು ತಂದುಕೊಟ್ಟರೆ ಅರ್ಜಿಯನ್ನು ಮರಾಠಿಯಲ್ಲಿ ಬರೆಯಲು ನಮ್ಮ ಶಾಲೆಯ ಮರಾಠಿ ಶಿಕ್ಷಕರೂ ನಾವೂ ಜೊತೆಗೆ ಕುಳಿತುಕೊಳ್ಳುತ್ತೇವೆ.