ಎಸೆನ್ಸ್ ಬಾಟಲಿಗೆ ಒಪ್ಪಿಗೆ ಕೊಡುವವರು ಯಾರು?

ಶಿವಪುರದ ಸೋದರಿಯವರೇ,

ಮನೆಯಲ್ಲಿ ಮಾಡಿ ಮಾರುವ ಬಿಸ್ಕತ್ತಿಗೆ ವೆನಿಲ್ಲಾ ಎಸೆನ್ಸ್ ಹಾಕಲು ಹೆದರಬೇಡಿ. ಹೆಸರು, ವಿಳಾಸವಿಲ್ಲದ ಬಾಟಲಿಗೆ ಹೆದರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿ 1956ರಿಂದಲೂ ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಪರಿಶೀಲಿಸುತ್ತಿದೆ: ರಾಸಾಯನಿಕ ರಚನೆ ಎಂಥದ್ದು, ದೇಹ ಅದನ್ನು ಏನು ಮಾಡುತ್ತದೆ, ಜನ ದಿನಕ್ಕೆ ಎಷ್ಟು ತಿಂದಾರು. ನಮ್ಮಲ್ಲಿ ಕೊನೆಯ ಮಾತು 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಹುಟ್ಟಿದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನದು. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಅದು ಬಿಡುವುದಿಲ್ಲ. ಟೊಂಕಾ ಬೀಜದ ಕೂಮರಿನ್, ಗಿಡಗಳಲ್ಲೇ ಸಿಗುವ ಸ್ಯಾಫ್ರೋಲ್ ಎರಡನ್ನೂ ಪರಿಮಳಕ್ಕೆಂದು ಸೇರಿಸುವಂತಿಲ್ಲ. ತೀರಾ ಹೊಸ ಪದಾರ್ಥವಾದರೆ ಸುರಕ್ಷತೆಯ ದಾಖಲೆ ಒಪ್ಪಿಸಿ ಮೊದಲೇ ಅನುಮತಿ ಪಡೆಯಬೇಕು; ಅದು ತಯಾರಕರ ತಲೆನೋವು, ನಿಮ್ಮದಲ್ಲ.

ಮದ್ದೂರಿನ ಪೇಟೆಯಲ್ಲಿ ಕೊಳ್ಳುವಾಗ ಪರವಾನಗಿ ಸಂಖ್ಯೆ ಇರುವ, ಸೀಲಾದ ಬಾಟಲಿಯನ್ನೇ ಕೇಳಿ. ನಿಮ್ಮ ಪೊಟ್ಟಣದ ಮೇಲೂ ಪರಿಮಳ ಸೇರಿಸಿರುವುದನ್ನು ಬರೆಯಿರಿ.