ಚಿಮಣಿಗೊಂದು ಮಿತಿ, ಉಸಿರಿಗೊಂದು ಮಿತಿ

"ಕಾರ್ಖಾನೆಯ ಹೊಗೆ ಮಿತಿಯೊಳಗೇ ಇದೆಯಂತೆ. ಹಾಗಾದರೆ ಮಗುವಿನ ಕೆಮ್ಮು ಏಕೆ ಬಿಡುವುದಿಲ್ಲ?" ಪೀಣ್ಯ, ಯಶವಂತಪುರದ ಕಡೆ ಮನೆಯಿರುವ ನಿಮಗೂ ಈ ಸಂದೇಹ ಬಂದಿರಬಹುದು. ಮಿತಿಗಳು ಎರಡು ಬಗೆ ಎಂಬುದನ್ನು ಮೊದಲು ತಿಳಿಯಿರಿ.

ಒಂದು, ಚಿಮಣಿಯಲ್ಲಿ ಅಳೆಯುವ ಮಿತಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಒಂದು ಘನ ಮೀಟರ್ ಹೊಗೆಯಲ್ಲಿ ಧೂಳಿನ ಕಣ 150 ಮಿಲಿಗ್ರಾಂ ಮೀರಬಾರದು. ಹಲವು ಉದ್ಯಮಗಳಿಗೆ ಪ್ರತ್ಯೇಕ ಮಿತಿಗಳೂ ಇವೆ. 1981ರ ವಾಯು ಕಾಯಿದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ನೀಡುವಾಗ ಇವನ್ನು ಷರತ್ತಾಗಿ ವಿಧಿಸುತ್ತದೆ.

ಇನ್ನೊಂದು, ನಾವು ಉಸಿರಾಡುವ ಗಾಳಿಯ ಮಿತಿ. 2.5 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. 2009ರ ರಾಷ್ಟ್ರೀಯ ಮಾನದಂಡದಂತೆ ಇವು 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15 ಮಾತ್ರ.

ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಆದ್ದರಿಂದ ಹೊಗೆ ಮೇಲೇರಿ, ಗಾಳಿಯಲ್ಲಿ ಬೆರೆತು ಬಹಳ ತೆಳುವಾಗಲೇಬೇಕು. ಚಿಮಣಿಯ ಎತ್ತರಕ್ಕೂ ನಿಯಮವಿರುವುದು ಇದಕ್ಕಾಗಿಯೇ. ಚಳಿಗಾಲದ ಮುಂಜಾನೆ ನೆಲದ ಬಳಿ ತಂಪು ಗಾಳಿ, ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತರೆ ಹೊಗೆ ಚದುರುವುದಿಲ್ಲ. ಪ್ರತಿಯೊಂದು ಚಿಮಣಿಯೂ ತನ್ನ ಮಿತಿಯೊಳಗಿದ್ದರೂ ಹತ್ತಾರು ಚಿಮಣಿಗಳ ಹೊಗೆ, ಲಾರಿಗಳ ಹೊಗೆ, ರಸ್ತೆಯ ಧೂಳು ಸೇರಿ ಗಾಳಿ ಮಿತಿ ಮೀರಬಹುದು.

ಕಣ್ಣಿಗೆ ಕಾಣದ ಹೊಗೆಯೂ ಉಂಟು. ಯಲಹಂಕದಲ್ಲಿ ಹಿಂದೆ ಡೀಸೆಲ್ ವಿದ್ಯುತ್ ಘಟಕವಿತ್ತು. ಈಗ 370 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರವಿದೆ. ಅನಿಲ ಉರಿದಾಗ ಮಸಿ ಬಹಳ ಕಡಿಮೆ. ಆದರೆ ತೀವ್ರ ಶಾಖದಲ್ಲಿ ಗಾಳಿಯ ಸಾರಜನಕ, ಆಮ್ಲಜನಕಗಳು ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಉಬ್ಬಸವನ್ನು ಕೆರಳಿಸಬಲ್ಲವು. ಹೀಗಾಗಿ ಅನಿಲ ಸ್ಥಾವರಕ್ಕೂ ಮಿತಿ ಬೇಕು.

ನೀವೇನು ಮಾಡಬಹುದು?

* ಹೊಗೆ ಕವಿದ ಮುಂಜಾನೆ ವಾಯುವಿಹಾರ, ಮಕ್ಕಳ ಹೊರಾಂಗಣ ಆಟವನ್ನು ಮುಂದಕ್ಕೆ ಹಾಕಿ.
* ಉಬ್ಬಸದ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮಗು ಏದುಸಿರು ಬಿಡುತ್ತಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.
* ಹೊಗೆ ಕಂಡ ದಿನಾಂಕ, ವೇಳೆ, ಗಾಳಿಯ ದಿಕ್ಕು, ಮಗುವಿನ ಕೆಮ್ಮನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದು ವೈದ್ಯರಿಗೂ ನೆರವು, ಮಂಡಳಿಗೆ ಕೊಡುವ ದೂರಿಗೂ ಬಲ.

"ಮಿತಿಯೊಳಗಿದೆ" ಎಂದು ಯಾರಾದರೂ ಹೇಳಿದರೆ, ಯಾವ ಮಿತಿ ಎಂದು ಕೇಳಿ.