ಎಳಗರುಗಳ ತಿಳಿಯದ ಕಾಯಿಲೆ: ಮೊದಲು ದಿನ ಎಣಿಸಿ

ಮಳೆಗಾಲ ಹಿಡಿಯಿತೆಂದರೆ ಎಳಗರು ಸತ್ತ ಸುದ್ದಿ ಸದಸ್ಯರ ಮನೆಗಳಿಂದ ಮೇಲಿಂದ ಮೇಲೆ ಬರುತ್ತದೆ. ವಿಚಾರಿಸಿದರೆ, “ನಿನ್ನೆ ಹಾಲು ಕುಡಿದಿತ್ತು, ಇವತ್ತು ಏಳಲಿಲ್ಲ, ಏನೆಂದು ತಿಳಿಯಲಿಲ್ಲ” ಎನ್ನುತ್ತಾರೆ. ದೃಷ್ಟಿಯಾಯಿತೆಂದು ಕೆಲವರು, ಹಾಲು ಹೆಚ್ಚಾಯಿತೆಂದು ಕೆಲವರು. ತೋಟದ ಗೊಬ್ಬರಕ್ಕೂ ಮನೆಯ ಹಾಲಿಗೂ ನಂಬಿಕೊಂಡ ನಾಳಿನ ಹಸು ಆ ಕರುವಿನೊಡನೆ ಹೋಯಿತು. ಕಾರಣ ಹುಡುಕಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ, ಕರು ಹುಟ್ಟಿ ಎಷ್ಟು ದಿನವಾಯಿತು ಎಂಬುದು.

ಮೊದಲ ವಾರದೊಳಗಿನ ಬಿಳಿ, ನೀರು ಭೇದಿಗೆ ಹೆಚ್ಚಾಗಿ ಗಿಣ್ಣದ ಹಾಲಿನ ಕೊರತೆಯೇ ಮೂಲ. ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಗಿಣ್ಣದ ಹಾಲಿನಲ್ಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದೂ ಇಲ್ಲ. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರು, ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ. ಕಸ ಬೀಳುವ ತನಕ ಹಾಲುಣಿಸಬಾರದೆಂಬ ಹಳೆಯ ಪದ್ಧತಿಯನ್ನು ಬಿಡತಕ್ಕದ್ದು. ಭೇದಿಯಾದ ಕರು ಬಹುಮಟ್ಟಿಗೆ ನೀರು, ಉಪ್ಪು ಕಳೆದುಕೊಂಡೇ ಸಾಯುತ್ತದೆ. ಆದುದರಿಂದ ವೈದ್ಯರು ಬರುವವರೆಗೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ನೀರಿನಲ್ಲಿ ಕಲಸಿ, ಹಾಲಿನ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಕುಡಿಸುತ್ತಿರಿ. ಹಾಲನ್ನು ಪೂರ್ತಿ ನಿಲ್ಲಿಸಬೇಡಿ.

ಎರಡು ವಾರ ದಾಟಿದ ಎಮ್ಮೆಗರುವಿನ ಕಥೆ ಬೇರೆ. ನಮ್ಮಲ್ಲಿ ಎಮ್ಮೆ ಕಡಿಮೆಯಾದರೂ ಸಾಕುವವರು ಇದ್ದಾರೆ; ಬಯಲುಸೀಮೆಯಲ್ಲಿ, ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಚೌಡಾಪುರದಂಥ ಊರುಗಳ ಜೋಳ-ತೊಗರಿಯ ಹೊಲಮನೆಗಳಲ್ಲಿ ಎಮ್ಮೆಯೇ ಮನೆಯ ಹಾಲು. ಕರುವಿನ ಹೊಟ್ಟೆ ಉಬ್ಬುತ್ತದೆ, ಕೂದಲು ಒರಟಾಗುತ್ತದೆ, ಜೇಡಿಮಣ್ಣಿನ ಬಣ್ಣದ ನಾರುವ ಭೇದಿಯಾಗುತ್ತದೆ. ಕೊಟ್ಟಿಗೆ ಎಷ್ಟು ಚೊಕ್ಕಟವಾಗಿದ್ದರೂ ಇದು ಬರುವುದರಿಂದಲೇ ಜನ ಬೆರಗಾಗುವುದು. ಟಾಕ್ಸೊಕಾರಾ ಎಂಬ ದುಂಡುಹುಳದ ಮರಿಗಳು ತಾಯಿಯ ಮೈಯಲ್ಲಿ ಸುಮ್ಮನೆ ಅಡಗಿದ್ದು, ಈದ ಮೇಲೆ ಹಾಲಿನ ಜೊತೆಗೇ ಕರುವಿಗೆ ಇಳಿಯುತ್ತವೆ. ಸಗಣಿಯಲ್ಲಿ ಮೊಟ್ಟೆ ಕಾಣಲು ಸುಮಾರು ಮೂರು ವಾರ ಬೇಕು. ಅಲ್ಲಿಯವರೆಗೆ ಕಾಯದೆ, ಹತ್ತರಿಂದ ಹದಿನಾರನೆಯ ದಿನದೊಳಗೆ ವೈದ್ಯರ ಅಳತೆಯಂತೆ ಪೈಪರಜೀನ್ ಕುಡಿಸಿದರೆ ಬಹಳ ಕರುಗಳು ಉಳಿಯುತ್ತವೆ. ಇನ್ನೊಂದು ಮಾತು: ಬೇಸಗೆಯುದ್ದಕ್ಕೂ ಬರೀ ಒಣ ಕಣಿಕೆ ತಿಂದ ಗಬ್ಬದ ಎಮ್ಮೆಗೆ ‘ಎ’ ಜೀವಸತ್ವ ಸಾಲದೆ, ಕರು ಕುರುಡಾಗಿಯೋ ನಿಶ್ಶಕ್ತವಾಗಿಯೋ ಹುಟ್ಟುವುದುಂಟು. ಹಸಿರು ಮೇವೇ ಅದಕ್ಕೆ ಔಷಧ.

ಮೂರು ವಾರದ ಮೇಲಿನ ಕರು ರಕ್ತ ಬೆರೆತ ಭೇದಿ ಮಾಡುತ್ತ ಮುಕ್ಕುತ್ತಿದ್ದರೆ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯನ್ನು ಸಂಶಯಿಸಬೇಕು. ಜಂತಿನ ಔಷಧ ಇದಕ್ಕೆ ನಾಟುವುದಿಲ್ಲ. ಭೇದಿ ಶುರುವಾದ ಮೊದಲೆರಡು ದಿನ ಸಗಣಿಯಲ್ಲಿ ಇದು ಕಾಣದೆಯೂ ಇರಬಹುದು. ಒಮ್ಮೆ “ಏನಿಲ್ಲ” ಎಂದು ವರದಿ ಬಂದರೆ ಎರಡು ದಿನ ಬಿಟ್ಟು ಮತ್ತೆ ಕಳುಹಿಸಿ.

ತೋಟದವರಾದ ನಾವು ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾದದ್ದು, ಭೇದಿಯೇ ಇಲ್ಲದೆ ಬಾಡುವ ಜರ್ಸಿ, ಎಚ್‌ಎಫ್ ಮಿಶ್ರತಳಿ ಕರುಗಳನ್ನು. ಕರುವಿನ ಸಹಜ ಮೈಬಿಸಿ 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿ, ಭುಜದ ಮುಂದಿನ ಗಂಟು ನಿಂಬೆಹಣ್ಣಿನಷ್ಟು ಊದಿ, ಕಣ್ಣಿನ ಒಳಪೊರೆ ಬಿಳಿಚಿದ್ದರೆ ಉಣುಗಿನಿಂದ ಬರುವ ಥೈಲೇರಿಯಾ ಜ್ವರವೆಂದು ಶಂಕಿಸಿ. ಕೆಲವು ಕರುಗಳ ಕಣ್ಣುಗುಡ್ಡೆಯೇ ಮುಂದೆ ಬರುತ್ತದೆ. ಇದನ್ನು ಹಬ್ಬಿಸುವ ಉಣುಗು ಗೋಡೆಯ ಬಿರುಕಿನಲ್ಲೂ ಅಡಗುವುದರಿಂದ ಮೈಗೆ ಔಷಧ ಹಚ್ಚಿದಷ್ಟೇ ಸಾಲದು, ಬಿರುಕುಗಳನ್ನೂ ಮುಚ್ಚಬೇಕು. ನಾಟಿ ಕರು ತಡೆದುಕೊಳ್ಳುವುದನ್ನು ಮಿಶ್ರತಳಿ ಕರು ತಡೆಯದು. ಸಾಮಾನ್ಯ ಆ್ಯಂಟಿಬಯಾಟಿಕ್ ಚುಚ್ಚುಮದ್ದುಗಳನ್ನು ಸಾಲಾಗಿ ಹಾಕಿಸಿ ಹಣ, ದಿನ ಎರಡನ್ನೂ ಕಳೆದುಕೊಳ್ಳುವವರು ಬಹಳ. ಕಿವಿಯ ನರದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರೆ ರೋಗ ಗೊತ್ತಾಗುತ್ತದೆ. ಆಗ ಬುಪಾರ್ವಾಕ್ವೋನ್ ಎಂಬ ಔಷಧವಿದೆ. ಬೆಲೆ ಜಾಸ್ತಿಯೇ, ಆದರೆ ರಕ್ತ ಬತ್ತುವ ಮುನ್ನ ಹಾಕಿಸಿದರೆ ಮಾತ್ರ ಫಲ.

ವೈದ್ಯರಿಗೆ ನಾವು ಹೇಳಲು ಮರೆಯುವ ಸಂಗತಿ ಒಂದುಂಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆದ ದಿನವೇ ಬುಡದ ಹುಲ್ಲು ಕೊಯ್ದು ಹಾಕಿದ್ದೇವೆಯೇ? ಮೈಲುತುತ್ತ ಕದಡಿದ ಪಾತ್ರೆಯನ್ನು ಕರು ನೆಕ್ಕಿತೇ? ತಾಮ್ರದ ವಿಷ ದೊಡ್ಡ ದನಕ್ಕಿಂತ ಹಾಲುಗರುವಿಗೆ ಬೇಗ ತಾಗುತ್ತದೆ. ಕೀಟನಾಶಕದ ಡಬ್ಬಿಗಳ ವಿಷಯವೂ ಹಾಗೆಯೇ.

ಕೊಟ್ಟಿಗೆಯ ಕಂಬಕ್ಕೆ ಒಂದು ಹಳೆಯ ಪುಸ್ತಕ ಕಟ್ಟಿ, ಹುಟ್ಟಿದ ದಿನ, ಗಿಣ್ಣದ ಹಾಲು ಕುಡಿದ ಗಂಟೆ, ಕಾಯಿಲೆ ಕಂಡ ದಿನ, ಮೈಬಿಸಿ, ಸಗಣಿಯ ಬಣ್ಣ, ಔಷಧ ಹೊಡೆದ ದಿನ ಬರೆದಿಡಿ. ಎರಡನೆಯ ಕರುವಿಗೂ ಅದೇ ವಯಸ್ಸಿನಲ್ಲಿ ಅದೇ ಕಾಯಿಲೆ ಬಂದರೆ ಆ ಪುಸ್ತಕವೇ ಅರ್ಧ ಉತ್ತರ ಹೇಳುತ್ತದೆ. ಪಶುವೈದ್ಯರನ್ನು ಕರೆಯಲು 1962 ಸಂಖ್ಯೆಗೆ ಫೋನು ಮಾಡಬಹುದು.

ಕರು ಸತ್ತರೆ ತಕ್ಷಣ ಹೂಳದೆ, ಸಾಧ್ಯವಾದರೆ ಅದೇ ದಿನ ವೈದ್ಯರಿಂದ ಶವಪರೀಕ್ಷೆ ಮಾಡಿಸಿ. ಉಳಿದ ಕರುಗಳಿಗೆ ಅದರಿಂದ ಉಪಕಾರವಿದೆ. ಆದರೆ ಹಠಾತ್ತಾಗಿ ಸತ್ತು, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಅಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಹಳ್ಳಕ್ಕೆ ಎಸೆಯಬಾರದು. ನಾಯಿಗಳು ಮುಟ್ಟದಂತೆ ಕಾದು ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ.